ಲವೀನಾ ಹೊಡೆದುಹಾಕಿದ ಎರಡು ಸಾಲು

೨೦೦೬ರಲ್ಲಿ ನಾನು ಸಿಡ್ನಿಯ ಪಶ್ಚಿಮದ ಒಂದು ಸಬರ್ಬ್‌ನಲ್ಲಿ ಜಸ್ಟಿಸ್ ಆಫ್ ದಿ ಪೀಸ್, ಅಂದರೆ ಜೆಪಿ, ಆಗಿದ್ದೆ. ಹೆಸರು ಕೇಳಿ ನ್ಯಾಯಾಧೀಶನೆಂದುಕೊಳ್ಳಬೇಡಿ. ಇದು ಸಂಬಳವಿಲ್ಲದ ಹುದ್ದೆ. ದಾಖಲೆಗಳ ನಕಲನ್ನು ದೃಢೀಕರಿಸುವುದು, ಸ್ಟ್ಯಾಚುಟರಿ ಡಿಕ್ಲರೇಶನ್ ಎಂಬ ಪ್ರಮಾಣಪೂರ್ವಕ ಹೇಳಿಕೆಗೆ ಜನ ನಮ್ಮ ಕಣ್ಣೆದುರೇ ಸಹಿ ಹಾಕಿದರೆಂದು ಸಾಕ್ಷಿಯಾಗುವುದು, ಮುಖ್ಯವಾಗಿ ಇಷ್ಟೇ ಅಧಿಕಾರ. ಕಾನೂನು ಸಲಹೆ ಕೊಡುವಂತಿಲ್ಲ, ಯಾರ ಪಕ್ಷವನ್ನೂ ವಹಿಸುವಂತಿಲ್ಲ.

ಒಂದು ಶನಿವಾರ ಲೈಬ್ರರಿಯಲ್ಲಿದ್ದ ನನ್ನ ಮೇಜಿಗೆ ಲವೀನಾ ಬಂದಳು. ಮಂಗಳೂರು ಕಡೆಯವಳು, ವೃದ್ಧಾಶ್ರಮವೊಂದರಲ್ಲಿ ನರ್ಸ್. ಜೊತೆಗಿದ್ದ ಅಲ್ಲಿನ ಮ್ಯಾನೇಜರ್, ಅವಳ ಹೆಸರಿನಲ್ಲಿ ಟೈಪ್ ಮಾಡಿದ್ದ ಹೇಳಿಕೆಯನ್ನು ತಾನೇ ಮೇಜಿನ ಮೇಲಿಟ್ಟು, "ಜಸ್ಟ್ ಎ ಸಿಗ್ನೇಚರ್, ಮೇಟ್" ಎಂದ.

ನಾನು ಅವಳ ಗುರುತಿನ ಚೀಟಿ ನೋಡಿ, ಎಲ್ಲರಿಗೂ ಹೇಳುವಂತೆ ಹೇಳಿದೆ: "ಇದರಲ್ಲಿರೋದೆಲ್ಲ ನಿಜ ತಾನೇ? ಗೊತ್ತಿದ್ದೂ ಸುಳ್ಳು ಹೇಳಿದ್ರೆ ಅಪರಾಧ. ಜೈಲೂ ಆಗಬಹುದು."

ಅವಳ ಮುಖ ಬಿಳಿಚಿಕೊಂಡಿತು. ಸ್ವಲ್ಪ ದೂರ ಕಾಯಿರಿ ಎಂದು ಮ್ಯಾನೇಜರ್‌ಗೆ ಹೇಳಿದೆ. ಅವನು ಒಲ್ಲದ ಮನಸ್ಸಿನಿಂದ ಪತ್ರಿಕೆಗಳ ಕಡೆ ಹೋದ. ಕಣ್ಣು ಮಾತ್ರ ಇತ್ತಲೇ ಇತ್ತು.

"ಅಂಕಲ್, ಒಬ್ರು ಅಜ್ಜಿಗೆ ಸ್ನಾನದ ನೀರಿಂದ ಸುಟ್ಟಿತು. ನಾನು ಮುಟ್ಟಿ ನೋಡುವಾಗ ನೀರು ಸರಿ ಇತ್ತು, ಆಮೇಲೆ ಒಮ್ಮೆಗೇ ಕುದಿ ಬಂತು. ಬಿಸಿನೀರಿನ ವಾಲ್ವ್ ಹಾಳಾಗಿದೆ ಅಂತ ಇವ್ರಿಗೆ ಎರಡು ಸರ್ತಿ ಹೇಳಿದ್ದೆ. ಇದ್ರಲ್ಲಿ ನಾನು ಹೇಳ್ಲೇ ಇಲ್ಲ, ನೀರು ಮುಟ್ಟಿಯೂ ನೋಡ್ಲಿಲ್ಲ ಅಂತ ಉಂಟು. ಸೈನ್ ಮಾಡದಿದ್ರೆ ವೀಸಾ ಸ್ಪಾನ್ಸರ್‌ಶಿಪ್ ತೆಗೀತಾರಂತೆ. ನಾನೆಂತ ಮಾಡುದು?"

'ಮಾಡಬೇಡಮ್ಮ' ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡೆ.

"ಅದನ್ನ ನಾನು ಹೇಳೋ ಹಾಗಿಲ್ಲ. ವಕೀಲರನ್ನ ಕೇಳಬಹುದು, ಇವತ್ತೇ ಸಹಿ ಮಾಡಬೇಕು ಅಂತೇನಿಲ್ಲ. ಆದರೆ ಇದು ನಿನ್ನ ಹೇಳಿಕೆ. ಸಹಿಗೆ ಮುಂಚೆ ತಿದ್ದಬಹುದು. ತಿದ್ದಿದ ಕಡೆ ನಾವಿಬ್ಬರೂ ಇನಿಷಿಯಲ್ ಹಾಕಬೇಕು."

ಅವಳು ಪೆನ್ನು ಹಿಡಿದು ಕುಳಿತೇ ಇದ್ದಳು. ಮ್ಯಾನೇಜರ್ ಹೊರಟು ಬರುವುದು ಕಂಡಿತು. ಅಷ್ಟರಲ್ಲಿ ಎರಡು ಸಾಲು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ನಡೆದದ್ದನ್ನು ಬರೆದಳು. ಯಾರಿಗೆ ಹೇಳಿದ್ದೆನೆಂದು ಅವನ ಹೆಸರನ್ನೂ ಬರೆದಳು.

"ಏನಿದು? ಕೊಡು ಇಲ್ಲಿ!" ಅವನು ಕೈ ಚಾಚಿದ.

ನಾನು ಕಾಗದದ ಮೇಲೆ ಅಂಗೈ ಊರಿದೆ. "ಇದು ಆಕೆಯ ದಾಖಲೆ. ಆಕೆಯ ಕೈಗೇ ಕೊಡ್ತೇನೆ."

ಲವೀನಾ ಎಲ್ಲವೂ ನಿಜವೆಂದು ಘೋಷಿಸಿ ಸಹಿ ಮಾಡಿದಳು. ನಾನೂ ಸಹಿ ಮಾಡಿ ಕಾಗದವನ್ನು ಅವಳಿಗೆ ಕೊಟ್ಟೆ. ಅವನು ಅವಳನ್ನು ಬಿಟ್ಟು ಒಬ್ಬನೇ ಕಾರು ಹತ್ತಿ ಹೋದ.

"ಬಸ್ ಎಲ್ಲಿ ಸಿಗ್ತದೆ ಅಂಕಲ್?" ಎಂದಳು. ಬಂದದ್ದು ಅವನ ಕಾರಿನಲ್ಲಿ.

ಕೆಲಸ ಹೋಯಿತು. ಅಜ್ಜಿಗೆ ಸುಟ್ಟ ಬಗ್ಗೆ ನಡೆದ ವಿಚಾರಣೆಯಲ್ಲಿ ಅವಳ ಹೇಳಿಕೆ ನಿಂತಿತು. ವೀಸಾ ಮುಗಿಯುವುದರೊಳಗೆ ಮೆಲ್ಬರ್ನ್‌ನ ಆಸ್ಪತ್ರೆಯೊಂದು ಸ್ಪಾನ್ಸರ್ ಮಾಡಿತು. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿದ ದಿನ ಅಲ್ಲಿನ ಟ್ರುಗನಿನಾ ಬಡಾವಣೆಯಿಂದ ಫೋನ್ ಮಾಡಿ, ಮಾತಾಡಲಾಗದೆ ಅತ್ತಳು.

ಜೆಪಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಒಬ್ಬರು ತಮ್ಮ ಮಾತನ್ನು ತಾವೇ ಓದಿ ಯೋಚಿಸುವಷ್ಟು ಹೊತ್ತು ಉಳಿದವರನ್ನು ದೂರ ನಿಲ್ಲಿಸಬಹುದು, ಅಷ್ಟೆ. ಅದು ಸಣ್ಣ ಕೆಲಸವೆಂದು ನನಗೆ ಮತ್ತೆಂದೂ ಅನ್ನಿಸಲಿಲ್ಲ.