ಭಂಡಾರ ಬಿದ್ದ ಹೆಲಿಕಾಪ್ಟರ್

ನಮ್ಮ ಮನೆಯವರು ಹೆಲಿಕಾಪ್ಟರ್ ಮೆಕ್ಯಾನಿಕ್. ಬೀದರಿನ ನಮ್ಮ ಓಣಿಯಲ್ಲಿ ಹಾಗೆ ಹೇಳಿದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಆಕಾಶ ನೋಡುತ್ತಿದ್ದರು. ಪಕ್ಕದ ಮನೆಯ ಆಪಾ ಅಂತೂ ಸದ್ದು ಕೇಳಿದಾಗಲೆಲ್ಲ, "ನಿಮ್ಮ ಸವತಿ ಹೊಂಟಾಳ ನೋಡ್ರಿ" ಎಂದು ಕಾಡಿಸುವಳು. ಸುಳ್ಳೇನಲ್ಲ. ಊಟಕ್ಕೆ ಕೂತರೂ ಇವರದು ಅದೇ ಮಾತು. ಆ ಯಂತ್ರಕ್ಕೆ ಮುಪ್ಪೇ ಇಲ್ಲವಂತೆ. ಒಂದೊಂದು ಭಾಗಕ್ಕೂ ಇಷ್ಟು ತಾಸಿನ ಆಯುಷ್ಯ ಎಂದು ಗೊತ್ತು ಮಾಡಿರುತ್ತಾರೆ. ಅದು ತೀರಿದರೆ, ನೋಡಲು ಚೆನ್ನಾಗಿದ್ದರೂ ತೆಗೆದು ಹೊಸದು ಹಾಕುತ್ತಾರೆ. ಹೀಗಾಗಿ ನಮ್ಮ ಮದುವೆಗಿಂತ ಹಳೆಯದೂ ಮೊನ್ನೆ ಬಂದದ್ದರಂತೆ ಹಾರುತ್ತದೆ. ಮೇಲೆ ಇಂಜಿನ್ ನಿಂತರೂ ರೆಕ್ಕೆ ಗಾಳಿಗೇ ತಿರುಗಿ ಕೆಳಗಿಳಿಸುತ್ತದೆ ಎನ್ನುವಾಗ ಕೈಯಲ್ಲಿನ ರೊಟ್ಟಿ ತುಣುಕನ್ನೇ ತಿರುಗಿಸಿ ತೋರಿಸುವರು. ನಾನು ಕಿವಿಗೊಟ್ಟು ಕೇಳುತ್ತಿದ್ದದ್ದು ಆ ಕೊನೆಯ ಮಾತು ಒಂದನ್ನೇ.

ಏಕೆಂದರೆ ಅವರ ಕೆಲಸದಲ್ಲಿ ಒಂದು ರೂಢಿ ಇತ್ತು. ಯಂತ್ರ ಬಿಚ್ಚಿ ಸರಿಪಡಿಸಿದವರೇ ಮೊದಲ ಸುತ್ತು ಹಾರುವಾಗ ಹಿಂದಿನ ಸೀಟಿನಲ್ಲಿ ಕೂಡಬೇಕು. ಯಾರೂ ಒತ್ತಾಯ ಮಾಡುವುದಿಲ್ಲ. ಆದರೆ ಕೂಡದವನ ಕೈಕೆಲಸವನ್ನು ಪೈಲಟ್ ನಂಬುವುದಿಲ್ಲ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ನನ್ನ ತವರು ಎಕಂಬಾದಲ್ಲಿ ಅರ್ಧ ಮನೆಗಳಿಗೆ ಬೀಗ. ದುಡಿಯುವವರು ಪುಣೆ, ಹೈದರಾಬಾದ್ ಸೇರಿದ್ದರು. ಬರ ನೋಡಲು ದೊಡ್ಡ ಸಾಹೇಬರೊಬ್ಬರು ಹೆಲಿಕಾಪ್ಟರಿನಲ್ಲಿ ಔರಾದಿಗೆ ಬಂದು, ಅಲ್ಲಿಂದ ಭಾಲ್ಕಿಗೆ ಹೋಗುವವರಿದ್ದರು. ನಮ್ಮವರ ಕೆಲಸ ಔರಾದಿನತನಕ ಮಾತ್ರ. ತವರಿಗೆ ಹೋಗಿದ್ದ ನಾನು ಅಲ್ಲಿ ಅವರನ್ನು ಕೂಡಿಕೊಂಡು ಇಬ್ಬರೂ ಬಸ್ಸಿನಲ್ಲಿ ಬೀದರಿಗೆ ಮರಳುವುದು ಎಂದಾಗಿತ್ತು. ಚಿಕ್ಕಪ್ಪನ ಹೆಂಡತಿ ಕಾಕಿಯೂ ನನ್ನ ಜೊತೆ ಬಂದಳು. ಅವಳ ಮಗ, ಸೊಸೆ ಪುಣೆಗೆ ಹೋಗಿದ್ದರು.

ಸಾಹೇಬರು ಶಾಮಿಯಾನದಲ್ಲಿ ಜನರ ಕಷ್ಟ ಕೇಳುತ್ತಿದ್ದರು. ಮೈದಾನದ ನಡುವೆ ಯಂತ್ರ ಸುಮ್ಮನೆ ನಿಂತಿತ್ತು. ಮೋಡ ಹುಡುಕಿ ಮಳೆ ತರುವ ಯಂತ್ರ ಇದೇ ಎಂದು ಹೆಂಗಸರಲ್ಲಿ ಸುದ್ದಿ ಹಬ್ಬಿತ್ತು. ಕಾಕಿ ಸೆರಗಿನಲ್ಲಿ ಮೈಲಾರ ಮಲ್ಲಣ್ಣನ ಭಂಡಾರ ಕಟ್ಟಿಕೊಂಡು ಬಂದಿದ್ದಳು. ಭಂಡಾರವೆಂದರೆ ಆ ದೇವರ ಅರಿಶಿನ. ಪಲ್ಲಕ್ಕಿ ಬಂದರೆ ಮೇಲಕ್ಕೆ ಹಾರಿಸುತ್ತೇವೆ. ನಾಲ್ಕಾರು ಹೆಂಗಸರು ಸುತ್ತ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ, ಭಂಡಾರ ಜೋಳ ಕಲಸಿದ್ದನ್ನು ಯಂತ್ರದ ಮೇಲೆ ಹಾರಿಸಿ ಕೈಮುಗಿದರು. ನಾನು ಬೇಡವೆನ್ನುವಷ್ಟರಲ್ಲಿ ಇಂಜಿನ್ ಗಾಳಿ ಎಳೆಯುವ ಬಾಯಿ ಹಳದಿಯಾಗಿತ್ತು.

ನಮ್ಮವರು ಓಡಿ ಬಂದರು. ಬೈಯಲಿಲ್ಲ. ಬೆರಳಿನಿಂದ ಒರೆಸಿ ನೋಡಿದರು.

"ದೇವ್ರ ಭಂಡಾರ ಅದ ಅಳಿಯಾ, ಕೆಟ್ಟದ್ದಾಗಂಗಿಲ್ರಿ" ಎಂದಳು ಕಾಕಿ.

"ದೇವ್ರದು ಖರೇ ರಿ ಕಾಕಿ. ಆದ್ರ ಒಳಗ ತಿರಗೂ ಚಕ್ರಕ್ಕ ಅದು ಗೊತ್ತಿಲ್ಲ."

ಭಾಲ್ಕಿಯಲ್ಲಿ ಕುಡಿಯುವ ನೀರಿನ ಸಭೆಗೆ ಜನ ಕಾಯುತ್ತಿದ್ದಾರೆ, ಎಷ್ಟು ಹೊತ್ತಾದೀತು ಎಂದು ಸಾಹೇಬರ ಕಡೆಯವರು ಬಂದು ಬಂದು ಕೇಳಿದರು. ಇವರಿಗೆ ಕಿವಿಯೇ ಇಲ್ಲ. ಮುಚ್ಚಳ ಬಿಚ್ಚಿ, ಬ್ಯಾಟರಿ ಹಿಡಿದು, ಚಿಕ್ಕ ಕನ್ನಡಿಯಲ್ಲಿ ಒಳಗೆ ನೋಡಿ ನೋಡಿ ಕಾಳು ಹೆಕ್ಕಿದರು. ನೆಲದ ಮೇಲೇ ಇಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ನೋಡಿದರು. ಆಮೇಲೆ ಕೈ ಒರೆಸಿಕೊಂಡು, ನನ್ನ ಕಡೆ ನೋಡದೆ, ಹಿಂದಿನ ಸೀಟಿನಲ್ಲಿ ಹೋಗಿ ಕೂತರು.

ಯಂತ್ರ ಮಣ್ಣೆಬ್ಬಿಸಿಕೊಂಡು ಮೇಲೆದ್ದಿತು. ಸೆರಗು ಮುಖಕ್ಕೆ ಬಡಿದರೂ ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಬಿದ್ದೀತು ಅನ್ನಿಸಿತು. ಕಾಕಿ ನನ್ನ ರಟ್ಟೆ ಹಿಡಿದು, "ಮಲ್ಲಣ್ಣಾ, ಹಾರಿಸಿದ್ದು ನಂದೇ ಕೈ" ಎನ್ನುತ್ತಿದ್ದಳು. ಅದು ತಿರುಗುವಾಗ ಒಮ್ಮೆ ಸದ್ದು ಸಣ್ಣಗಾಯಿತು. ಇಂಜಿನ್ ನಿಂತರೂ ಇಳಿಸುತ್ತದೆ, ನಿಂತರೂ ಇಳಿಸುತ್ತದೆ ಎಂದುಕೊಂಡೆ. ಮೋಡದ ಚೂರೂ ಇರಲಿಲ್ಲ. ಹೀಗಾಗಿ ಒಂದು ಗಳಿಗೆಯೂ ಅದು ಕಣ್ಮರೆಯಾಗಲಿಲ್ಲ. ನನಗೆ ಅದೇ ದೇವರ ದಯೆ ಅನ್ನಿಸಿತು. ಮಳೆ ಬೇಡಲು ಬಂದವರ ನಡುವೆ ನಿಂತು ಹಾಗೆ ಅನ್ನಿಸಬಾರದಿತ್ತೇನೋ.

ಇಳಿಯಿತು. ಸರಿಯಿದೆ ಎಂದು ಪೈಲಟ್ ಹೆಬ್ಬೆರಳು ಎತ್ತಿದರು. ಸಾಹೇಬರು ಬಾಗಿಲತನಕ ಬಂದವರು ಒಂದು ಕಾಲು ಮೇಲಿಟ್ಟು ನಿಂತುಬಿಟ್ಟರು. ಅವರಿಗೂ ಮನೆ ಇದೆಯಲ್ಲ. ಭಾಲ್ಕಿತನಕ ನೀವೂ ಬರುತ್ತೀರಾ ಎಂದು ನಮ್ಮವರನ್ನು ಮೆಲ್ಲಗೆ ಕೇಳಿದರು.

ಇವರು ಈಗ ನನ್ನ ಕಡೆ ನೋಡಿದರು. ಆ ಒಂದು ಸುತ್ತಿನಲ್ಲೇ ನನ್ನ ಹರಕೆಗಳೆಲ್ಲ ಮುಗಿದಿದ್ದವು. ಬೇಡ ಎನ್ನಲು ಬಾಯಿ ತೆರೆದೆ.

"ಹೋಗ್ರಿ" ಎಂದೆ. "ನೀವು ಕೂತ್ರ ಅವ್ರೂ ಕೂಡ್ತಾರ."

ಕಾಕಿಯನ್ನು ಎಕಂಬಾದ ಗಾಡಿ ಹತ್ತಿಸಿ ಒಬ್ಬಳೇ ಬೀದರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ಭಾಲ್ಕಿಯ ದಿಕ್ಕಿಗೇ ನೋಡುತ್ತಿದ್ದೆ. ಹೊಗೆ ಕಂಡರೆ ಸೀಟಿನಿಂದ ಅರ್ಧ ಏಳುತ್ತಿದ್ದೆ. ನೋಡಿದರೆ ಯಾರದೋ ಒಲೆ.

ಬೀದರಿನಲ್ಲಿ ಭಾಲ್ಕಿಯ ಬಸ್ಸು ಬಂದು ನಿಲ್ಲುವತನಕ ನಿಲ್ದಾಣ ಬಿಡಲಿಲ್ಲ. ಗಂಟುಮೂಟೆ ಹೊತ್ತು ಹೈದರಾಬಾದ್ ಕಡೆ ಹೊರಟವರೆಲ್ಲ ಇಳಿದ ಮೇಲೆ, ಕಟ್ಟಕಡೆಗೆ ಇವರು ಇಳಿದರು, ಅಂಗಿಯೆಲ್ಲ ಮುದ್ದೆ.

"ಸೀಟೇ ಸಿಗಲಿಲ್ಲ" ಎಂದರು. "ಭಾಲ್ಕಿಯಿಂದ ನಿಂತೇ ಬಂದೇನಿ, ಕಾಲು ಸತ್ತಾವ."

ನಾನು ಅವರ ಹತಾರದ ಚೀಲ ತೆಗೆದುಕೊಂಡೆ. ಭಾರವಿತ್ತು. ಮನೆತನಕ ನಾನೇ ಹೊತ್ತೆ.