ಬೀಡು ತಟ್ಟಿ ನೋಡುತ್ತಿದ್ದ ಚಿದಂಬರ

ಚಿದಂಬರನ ಹೆಸರು ಹೇಳಿದರೆ ಈಗ ಚಾಮರಾಜಪೇಟೆಯ ಗ್ಯಾರೇಜುಗಳಲ್ಲಿ ಉಗಿಯುತ್ತಾರೆ. ಬಿದ್ದವನ ಮೇಲೆ ಆಳಿಗೊಂದು ಕಲ್ಲು. ವರ್ಷದ ಹಿಂದೆ ಇದೇ ಜನ ಅವನಿಗೆ ಕುರ್ಚಿ ಬಿಟ್ಟು ಕೂರಿಸಿ, ಕಾಫಿ ತರಿಸಿ ಕೊಡುತ್ತಿದ್ದರು. ಕಲ್ಲು ಬೀಳಬೇಕಾದದ್ದು ಯಾರ ಮೇಲೆ ಎಂದು ಗೊತ್ತಿರುವುದು ಇಬ್ಬರಿಗೇ, ಅವನಿಗೆ ಮತ್ತು ನನಗೆ.

ನಾನು ರಾಮಾನುಜ. ನನ್ನದು ಹಳೆ ಲಾರಿಗಳ ಬಿಡಿಭಾಗದ ಅಂಗಡಿ. ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ ಎಂಜಿನ್ನುಗಳ ಸಾಮಾನನ್ನು ಗುಜರಿಯಿಂದ ಆರಿಸಿ ತಂದು, ತೊಳೆದು ಮಾರುತ್ತೇನೆ. ಚಿದಂಬರ ಮೆಕ್ಯಾನಿಕ್. ಶಂಕರಪುರದ ಒಂದು ಮನೆಯ ಹಿಂಭಾಗದಲ್ಲಿ ಒಂಟಿಯಾಗಿ ಬಾಡಿಗೆಗಿದ್ದ. ಮದುವೆಯಾಗಲಿಲ್ಲ. ಡೀಸೆಲ್ ಎಂಜಿನ್ನುಗಳ ಪಕ್ಕದಲ್ಲೇ ತಲೆಯಿಟ್ಟು ಮೂವತ್ತು ವರ್ಷ ಕಳೆದ. ಅವನಿಗೆ ಅನ್ನ, ಮರ್ಯಾದೆ ಎರಡನ್ನೂ ಕೊಟ್ಟದ್ದು ಅವನ ಕಿವಿ.

ಬೀಡು ಕಬ್ಬಿಣದ ಹಳೆ ತುಂಡು ಕೊಳ್ಳುವಾಗ ಕಣ್ಣನ್ನು ನಂಬುವಂತಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಕಾಣುವುದಿಲ್ಲ, ಎಂಜಿನ್ ಕಾದಾಗ ಬಾಯಿ ಬಿಡುತ್ತದೆ. ಅದಕ್ಕೇ ತುಂಡನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಮಡಕೆ ಕೊಳ್ಳುವ ಹೆಂಗಸರು ಬೆರಳಲ್ಲಿ ತಟ್ಟುವುದಿಲ್ಲವೇ, ಹಾಗೆ. ಸರಿಯಿದ್ದರೆ ಖಣ್ ಎನ್ನುತ್ತದೆ, ಬಿರುಕಿದ್ದರೆ ಡಬ್ ಎನ್ನುತ್ತದೆ. ಚಿದಂಬರ ತಟ್ಟಿ ‘ಗಟ್ಟಿ ಇದೆ’ ಎಂದರೆ ಮುಗಿಯಿತು, ಗಿರಾಕಿ ಎರಡನೇ ಮಾತಾಡುತ್ತಿರಲಿಲ್ಲ. ‘ಬೇಡ’ ಎಂದರೆ ಆ ತುಂಡು ಮತ್ತೆ ಗುಜರಿಗೆ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ಕೇಳಿ ಕೇಳಿ ನನಗೂ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಆದರೆ ಮಾರುವವನ ಕಿವಿಯನ್ನು ಯಾರು ನಂಬುತ್ತಾರೆ?

ಕೊನೆಕೊನೆಗೆ ಚಿದಂಬರ ಜೋರಾಗಿ ಮಾತಾಡತೊಡಗಿದ್ದ. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಫೋನ್ ಬಂದರೆ ‘ಸಿಗ್ನಲ್ ಇಲ್ಲ’ ಎಂದು ಇಟ್ಟುಬಿಡುತ್ತಿದ್ದ. ಕಿವಿ ಸ್ವಲ್ಪ ಮಂದವಾಗಿದೆ ಎಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಅವನ ಮಾತಿನಿಂದಲೇ ನನ್ನ ಅಂಗಡಿಯ ಮಾಲು ಹೋಗುತ್ತಿತ್ತಲ್ಲ, ಕೇಳಿ ನಾನೇಕೆ ಕೆಡಿಸಿಕೊಳ್ಳಲಿ?

ಕಳೆದ ಜುಲೈನಲ್ಲಿ ದ್ರೌಪದಮ್ಮ ಬಂದರು. ಕೃಷ್ಣರಾಜ ಮಾರುಕಟ್ಟೆಯಲ್ಲಿ ತರಕಾರಿ ಸಗಟು ವ್ಯಾಪಾರ ಮಾಡುವವರು. ಕೋಲಾರದಿಂದ ಟೊಮೆಟೊ ತರುವ ಅವರ ಹಳೆ ಲಾರಿಯನ್ನು ಓಡಿಸುವುದು ಮಗ ಗೋಕುಲ್. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳಿತ್ತು. ಎಂಜಿನ್ನಿನ ಆರು ಬಾಯಿಂದ ಬರುವ ಬಿಸಿ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ಸಾಗಿಸುವ ಬೀಡಿನ ತುಂಡು ಅದು. ಆ ಲಾರಿಯಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಪಕ್ಕದಲ್ಲೇ. ಹೊಗೆ ಸೋರಿದರೆ ನೇರವಾಗಿ ಓಡಿಸುವವನ ಮೂಗಿಗೆ.

ಗೋಕುಲ್ ಫೋನಿನಲ್ಲಿ ಫೋಟೊ ತೋರಿಸಿದ. “ಅಂಕಲ್, ಸ್ಟೀಲ್ ಪೈಪಿಂದು ಹೊಸ ಸೆಟ್ ಸಿಗುತ್ತೆ ನೋಡಿ. ಅದನ್ನೇ ಹಾಕ್ಸೋಣ.”

ಚಿದಂಬರ ಫೋಟೊ ನೋಡಿಯೇ ತಲೆಯಾಡಿಸಿದ. “ಕಾರಿಗೆ ಸರಿ ಕಣಪ್ಪ ಅದು. ಇದು ಲೋಡ್ ಎಳೆಯೋ ಎಂಜಿನ್ನು, ದಿನವೆಲ್ಲ ನಡುಗುತ್ತೆ. ತೆಳು ಪೈಪು ವೆಲ್ಡಿಂಗ್ ಹತ್ರ ಬಿಟ್ಕೊಳುತ್ತೆ. ಕಂಪ್ನಿ ಬೀಡು ಹಾಕು, ನಿನ್ ಮಗನ ಕಾಲಕ್ಕೂ ಇರುತ್ತೆ.”

“ಚಿದಂಬರಪ್ಪ ಹೇಳಿದ್ಮೇಲೆ ಮುಗೀತು. ನೀನು ಸುಮ್ನಿರು,” ಎಂದರು ದ್ರೌಪದಮ್ಮ ಮಗನಿಗೆ.

ಚಿದಂಬರ ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ನನ್ನ ಅಂಗಡಿಯ ತುಂಡು. ಆ ಎಂಜಿನ್ನಿಗೆ ಹೊಂದುವಂಥದ್ದು ನನ್ನಲ್ಲಿ ಒಂದೇ ಇತ್ತು, ಒಂದು ವರ್ಷದಿಂದ ಮೂಲೆ ಹಿಡಿದಿತ್ತು. ತೂಗುಹಾಕಿದೆ. ಚಿದಂಬರ ತಟ್ಟಿದ. ಡಬ್ ಎಂದಿತು.

ನನಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನೇನು ‘ಬೇಡ’ ಎನ್ನುತ್ತಾನೆ ಎಂದುಕೊಂಡೆ. ಅವನು ಇನ್ನೊಮ್ಮೆ ತಟ್ಟಿ ನನ್ನ ಕಡೆ ನೋಡಿದ. ಇವನಿಗೆ ಕೇಳಿಸಿಲ್ಲ ಎಂದು ಆಗ ಹೊಳೆಯಿತು. ಅವನಿಗೇ ಕೇಳಿಸದ್ದು ನನಗೇಕೆ ಕೇಳಿಸಬೇಕು ಎಂದು ನಾನು ಏನೂ ಆಗದವನಂತೆ ನಿಂತೆ. ಮುಖದಲ್ಲಿ ಒಂದು ಗೆರೆ ಅಲುಗದಂತೆ ನಿಂತೆ.

“ಗಟ್ಟಿ ಇದೆ. ತಗೊಳಮ್ಮ,” ಎಂದ ಚಿದಂಬರ.

ಹತ್ತೊಂಬತ್ತು ದಿನ ಲಾರಿ ಓಡಿತು. ಇಪ್ಪತ್ತನೆಯ ಬೆಳಿಗ್ಗೆ ಮಳೆ. ಗೋಕುಲ್ ಗಾಜು ಏರಿಸಿಕೊಂಡು ಬರುತ್ತಿದ್ದ. ಹೊಸಕೋಟೆ ಇನ್ನೂ ದೂರವಿರುವಾಗಲೇ ಹೊಗೆ ಕುಡಿದು ಮಂಪರು ಹತ್ತಿ, ಲಾರಿ ಹುಣಸೆ ಮರಕ್ಕೆ ಗುದ್ದಿತು. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಮೇಲೆ ಎಂಜಿನ್ ಬಿಚ್ಚಿದವರಿಗೆ ಮ್ಯಾನಿಫೋಲ್ಡಿನ ಉದ್ದಕ್ಕೂ ಮಸಿ ಹಿಡಿದ ಬಿರುಕು ಕಂಡಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಹೆಸರು ಒಂದು ವಾರದಲ್ಲಿ ಮಣ್ಣಾಯಿತು. ಅವನ ಕಿವಿ ಹೋಗಿದೆಯಂತೆ, ಬಚ್ಚಿಟ್ಟಿದ್ದನಂತೆ ಎಂದು ಊರೆಲ್ಲ ಮಾತಾಯಿತು. ನನ್ನ ಅಂಗಡಿಯಲ್ಲೂ ಆ ಮಾತಾಯಿತು. ನಾನೂ ‘ಹೌದಂತೆ’ ಎಂದೆ.

ಒಂದು ಮಧ್ಯಾಹ್ನ ಚಿದಂಬರ ಬಂದು ನನ್ನೆದುರು ಕೂತ.

“ಆವತ್ತು ಆ ತುಂಡು ಹೆಂಗೆ ಕೇಳ್ಸ್ತು ರಾಮಾನುಜ?”

“ಖಣ್ ಅಂತು ಕಣೋ. ಚೆನ್ನಾಗೇ ಕೇಳ್ಸ್ತು.” ಆಗಲೂ ಸುಳ್ಳು ಹೇಳಿದೆ.

ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. “ಎರಡು ವರ್ಷದಿಂದ ನಂಗೆ ಒಂದು ಸದ್ದೂ ಕೇಳ್ಸಲ್ಲ. ಹೇಳ್ಕೊಂಡ್ರೆ ಕೆಲ್ಸ ಹೋಗುತ್ತೆ ಅಂತ ಬಾಯ್ಬಿಡ್ಲಿಲ್ಲ. ತಟ್ತಿದ್ದೋನು ನಾನು, ಕೇಳ್ತಿದ್ದೋನು ನೀನು. ಡಬ್ ಅಂದ್ರೆ ನಿನ್ ಮುಖ ಬಾಡ್ತಿತ್ತು. ಅದನ್ನ ನೋಡಿ ಬೇಡ ಅಂತಿದ್ದೆ. ಒಂದ್ಸಲನೂ ತಪ್ಪಿರ್ಲಿಲ್ಲ.” ನನ್ನ ತುಟಿಯಿಂದ ಕಣ್ಣೆತ್ತಿ ಮುಖ ನೋಡಿದ. “ಆವತ್ತೂ ನಿನ್ನನ್ನೇ ನೋಡ್ದೆ.”

ಈ ಸಲ ನನ್ನ ಮುಖ ನನ್ನ ಮಾತು ಕೇಳಲಿಲ್ಲ. ಅದನ್ನು ಅವನು ಪೂರ್ತಿ ಓದಿಕೊಂಡ. ಬೈಯಲಿಲ್ಲ. ಎದ್ದು ನೇರವಾಗಿ ದ್ರೌಪದಮ್ಮನ ಮನೆಗೆ ಹೋದ. “ಕಿವಿ ಹೋಗಿತ್ತು, ಮುಚ್ಚಿಟ್ಟೆ, ತಪ್ಪು ನಂದು” ಎಂದನಂತೆ. ಆಕೆ ಬೀದಿಗೆ ಬಂದು ಮಣ್ಣು ತೂರಿ ಶಾಪ ಹಾಕಿದರಂತೆ. ನನ್ನ ಹೆಸರನ್ನು ಅವನು ಎತ್ತಲಿಲ್ಲ. ಆ ತಿಂಗಳೇ ಮನೆ ಖಾಲಿ ಮಾಡಿದ. ಎಲ್ಲಿಗೆ ಹೋದ ಎಂದು ನಾನು ವಿಚಾರಿಸಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು.

ಮೊನ್ನೆ ದ್ರೌಪದಮ್ಮ ಅಂಗಡಿಗೆ ಬಂದಿದ್ದರು. ಲಾರಿ ಮಾರುತ್ತಾರಂತೆ, ಯಾರಾದರೂ ಇದ್ದರೆ ಹೇಳಿ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಮೇಲೆ ಮರುಕಪಟ್ಟು ಒಂದು ಮಾತು ಹೇಳಿದರು.

“ಪಾಪ, ನಿಮ್ಗೂ ಮೋಸ ಮಾಡ್ಬಿಟ್ಟ ನೋಡಿ ರಾಮಾನುಜಯ್ಯನೋರೆ, ಆ ಕಿವುಡ.”

“ಹೌದಮ್ಮ,” ಎಂದೆ.