ಗ್ರಹಣ ತೋರಿಸಿದ ಮೇಷ್ಟ್ರು

ಅಟ್ಟ ಖಾಲಿ ಮಾಡುವಾಗ ತಗಡಿನ ಬುಡ್ಡಿಯೊಂದು ಸಿಕ್ಕಿತು. ಉರಿಯುತ್ತದೋ ಇಲ್ಲವೋ ನೋಡೋಣವೆಂದು ಎಲ್ಲಿಂದಲೋ ಸೀಮೆಎಣ್ಣೆ ತರಿಸಿ ಹಚ್ಚಿದೆ. ಮಸಿಯ ವಾಸನೆ ಏಳುತ್ತಲೇ ಸೊಸೆ ಕಿಟಕಿ ತೆಗೆಯಲು ಓಡಿದಳು. ನಾನು ಮಾತ್ರ ಅಲ್ಲೇ ಕುಳಿತುಬಿಟ್ಟೆ. ಆ ವಾಸನೆಗೆ ನಮ್ಮ ಮೇಷ್ಟ್ರು ನೆನಪಾದರು...

ಶಿಡ್ಲಘಟ್ಟಕ್ಕೆ ಗಾಡಿ ಕಟ್ಟಿಕೊಂಡು ಹೋಗಬೇಕಾದ ಹಳ್ಳಿ ನಮ್ಮದು. ಐವತ್ತರ ದಶಕದ ನಡುಭಾಗ. ನಾಲ್ಕೂ ಕ್ಲಾಸಿಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಚಿಂತಾಮಣಿ ಕಡೆಯವರು, ಕೋಪ ಬಂದರೂ ತೆಲುಗು, ಖುಷಿಯಾದರೂ ತೆಲುಗು. ಮಗ್ಗಿ ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಅವರನ್ನು ದೇವರು ಮಾಡಲು ನಾನೇನೂ ಹೊರಟಿಲ್ಲ. ಆದರೆ ಆಕಾಶದ ಪಾಠ ಬಂತೆಂದರೆ ಆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ, ಮುರಿದದ್ದೊಂದನ್ನು ಯಾರದೋ ಮನೆಯಿಂದ ತಂದು ಗೋಡೆಗೆ ಒರಗಿಸಿದ್ದರು. ಸುತ್ತುಸುತ್ತಾಗಿ ಹೆಣೆದ ಅದರ ನಡುವೆ ನಿಂಬೆಹಣ್ಣು ಸಿಕ್ಕಿಸಿ ಸೂರ್ಯ ಎಂದರು. ಹುಣಸೆಬೀಜ ಭೂಮಿ, ರಾಗಿಕಾಳು ಚಂದ್ರ. ಒಂದು ದಿನ ನನ್ನನ್ನೇ ಭೂಮಿ ಮಾಡಿ ಅಂಗಳದಲ್ಲಿ ಗಿರಗಿರನೆ ತಿರುಗಿಸಿದರು. ತಲೆಸುತ್ತಿ ಬಿದ್ದು ಮಂಡಿ ತರಚಿಕೊಂಡೆ. "ಭೂಮಿ ಬಿದ್ದೋಯ್ತು, ಎತ್ರೋ" ಎಂದು ನಕ್ಕರು.

ಗ್ರಹಣವೆಂದರೆ ಆಗ ಊರಿಗೆ ಊರೇ ಬಾಗಿಲು ಹಾಕುತ್ತಿತ್ತು. ಒಲೆ ಆರಿಸಿ, ನೀರಿನ ಮಡಕೆಗೆ ದರ್ಭೆ ಹಾಕಿ, ರೇಷ್ಮೆಹುಳುವಿನ ತಟ್ಟೆಗಳ ಮೇಲೂ ಒಂದೊಂದು ಎಳೆ ಇಡುತ್ತಿದ್ದರು. ಆ ವರ್ಷ ಬೇಸಿಗೆ ರಜೆ ಮುಗಿದ ಮೇಲೆ ಬೆಳಗಿನ ಹೊತ್ತಿಗೆ ಸೂರ್ಯಗ್ರಹಣವಿತ್ತು. ಅದಕ್ಕೆ ಕೆಲವು ದಿನ ಮೊದಲೇ ಮೇಷ್ಟ್ರು ನಮ್ಮನ್ನು ಅಂಗಳಕ್ಕೆ ಕರೆತಂದು, ಒಂದು ಕಣ್ಣು ಮುಚ್ಚಿ ಇನ್ನೊಂದರ ಮುಂದೆ ಹೆಬ್ಬೆರಳು ಹಿಡಿಯಲು ಹೇಳಿದರು. ಎದುರಿಗಿದ್ದ ಬೆಟ್ಟ ಮಾಯವಾಯಿತು. "ಬೆಟ್ಟ ಯಾರಾದ್ರೂ ನುಂಗಿದ್ರೇನ್ರೋ? ಅಡ್ಡ ಬಂತು ಅಷ್ಟೆ. ಗ್ರಹಣಾನೂ ಅಷ್ಟೇ ಕಣ್ರಪ್ಪ" ಎಂದರು.

ನೋಡುವುದಕ್ಕೆ ಗಾಜಿಗೆ ಮಸಿ ಹಿಡಿಸಿಕೊಂಡು ಬರಬೇಕೆಂದು ಹೇಳಿದರು. ಅಲ್ಲೇ ತೊಡಕಾದದ್ದು. ಆಗ ಮನೆಮನೆಯಲ್ಲೂ ಹುಳು. ಹುಳು ಸಾಕುವ ಮನೆಯಲ್ಲಿ ಸೀಮೆಎಣ್ಣೆಯ ಹೊಗೆ ಆಡುವಂತಿಲ್ಲ, ಹುಳು ಸಾಯುತ್ತವೆ. ನಾವು ಹಿಪ್ಪುನೇರಳೆ ತೋಟದ ಹಿಂದೆ, ಗಾಳಿಯಲ್ಲಿ, ಬುಡ್ಡಿ ಆರುವಷ್ಟರಲ್ಲಿ ಹಿಡಿಸಿದ್ದೇ ಮಸಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೇಷ್ಟ್ರು ಅದನ್ನು ಹಾಗೇ ಬಿಡುವವರಲ್ಲ. ಪ್ರತಿಯೊಬ್ಬರ ಗಾಜನ್ನೂ ತಾವೇ ಸೂರ್ಯನಿಗೆ ಹಿಡಿದು ನೋಡಿದರು. "ಇದು ಸಾಲ್ದು ಕಣಮ್ಮ, ಕಣ್ಣು ಸುಟ್ಟೋಗುತ್ತೆ. ಇನ್ನೊಂದ್ಸಲ ಹಿಡಿಸ್ಕೊಂಡು ಬಾ" ಎಂದು ನನ್ನದನ್ನು ವಾಪಸು ಕೊಟ್ಟರು. ಹೀಗೆ ಗ್ರಹಣದ ಮುಂಚಿನ ದಿನಗಳೆಲ್ಲ ಬೆಳಗ್ಗೆ ಅದೇ ಕೆಲಸ. ಬಲಗಣ್ಣಲ್ಲಿ ನೀರು ಸುರಿದರೆ ಎಡಗಣ್ಣಲ್ಲಿ ನೋಡುತ್ತಿದ್ದರು. ನಮ್ಮ ಕಣ್ಣಿಗಾಗುವುದು ತಮ್ಮ ಕಣ್ಣಿಗೂ ಆಗುತ್ತದೆಂದು ಆ ಪುಣ್ಯಾತ್ಮನಿಗೆ ಯಾಕೆ ಹೊಳೆಯಲಿಲ್ಲವೋ... ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಗ್ರಹಣದ ದಿನ ಬಂದ ಮಕ್ಕಳು ಕೆಲವರೇ. ನಮ್ಮಜ್ಜಿ ಬೈಯುತ್ತಿದ್ದರೂ ಅಪ್ಪ ನನ್ನನ್ನು ಕಳಿಸಿಕೊಟ್ಟ. ಪಕ್ಕದ ಮನೆಯ ನನ್ನ ಗೆಳತಿ ಹಿತ್ತಿಲ ಗೋಡೆ ಹಾರಿ ಬಂದಳು. ಕಚ್ಚಿದ ರೊಟ್ಟಿಯ ಹಾಗಿದ್ದ ಸೂರ್ಯನನ್ನು ನೋಡಿ ಇಬ್ಬರೂ ಕುಣಿದೆವು. ಬೆರಳು ತಾಗಿ ಮಸಿ ಅಳಿಸಿದಾಗಲೆಲ್ಲ ಮೇಷ್ಟ್ರು ಗಾಜು ಕಿತ್ತುಕೊಂಡು, ತಾವು ನೋಡಿ, ಸರಿಯಿದ್ದರೆ ಮಾತ್ರ ಕೊಡುತ್ತಿದ್ದರು. ನಮ್ಮಲ್ಲಿ ಒಬ್ಬರ ಕಣ್ಣಿಗೂ ಏನೂ ಆಗಲಿಲ್ಲ.

ಆಮೇಲೆ ಮೇಷ್ಟ್ರು ಹಾಜರಿ ಕೂಗುವಾಗ ತಡವರಿಸತೊಡಗಿದರು. ಬೋರ್ಡಿನ ಮೇಲೆ ಅಕ್ಷರದ ಮೇಲೆ ಅಕ್ಷರ ಬೀಳುತ್ತಿತ್ತು. ನೋಡಿದ ಕಡೆಯೆಲ್ಲ ನಟ್ಟನಡುವೆ ಒಂದು ಕಪ್ಪು ಚುಕ್ಕೆ ಕೂತಿರುತ್ತದೆ ಎಂದರಂತೆ. ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, ಇದು ವಾಸಿಯಾಗುವುದಲ್ಲ ಎಂದು ಹೇಳಿ ಕಳಿಸಿದರು.

ಗ್ರಹಣ ನೋಡಿದ್ದಕ್ಕೇ ಕಣ್ಣು ಹೋಯಿತೆಂದು ಊರೆಲ್ಲ ಆಡಿಕೊಂಡಿತು. ಪಟೇಲರು ಕೆಟ್ಟವರಲ್ಲ. ಶಾಲೆಗೇ ಬಂದು, ನಮ್ಮೆದುರಿಗೇ ಹೇಳಿದರು: "ಆಗಿದ್ದು ಆಗೋಯ್ತು ಮೇಷ್ಟ್ರೇ. ಒಂದು ಗ್ರಹಶಾಂತಿ ಮಾಡಿಸ್ಬಿಡಿ. ಊರೋರು ನಿಮ್ಮನ್ನ ಕೈಬಿಡಲ್ಲ. ಓದೋಕೆ ಬರೆಯೋಕೆ ಯಾರನ್ನಾದ್ರೂ ಜೊತೆಗೆ ಹಾಕ್ತೀವಿ."

"ಶಾಂತಿ ಮಾಡಿಸಿದ್ರೆ ಗ್ರಹಣಾನೇ ಕಣ್ಣು ಕಿತ್ಕೊಳ್ತು ಅಂತ ನಾನೇ ಒಪ್ಕೊಂಡಂಗೆ ಆಗುತ್ತಲ್ಲ ಸ್ವಾಮಿ" ಎಂದರು ಮೇಷ್ಟ್ರು. "ಬಿಸಿಲು ಸುಟ್ಟಿದ್ದು. ಯಾವತ್ತು ನೋಡಿದ್ರೂ ಸುಡ್ತಿತ್ತು. ಈ ಮಕ್ಳಿಗೆ ಸುಳ್ಳು ಹೇಳಲಾ?"

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. "ಊರೋರಿಗೋಸ್ಕರ ಬೇಡ, ನಮಗೋಸ್ಕರ ಒಪ್ಕೊಳ್ಳಿ" ಎಂದರು. ಮೇಷ್ಟ್ರು ಒಪ್ಪಲಿಲ್ಲ. ಶಾಂತಿಗೂ ಒಪ್ಪದವರ ಹತ್ತಿರ ಮಕ್ಕಳನ್ನು ಬಿಡುವುದಿಲ್ಲವೆಂದು ಊರಿನವರು ಹಟ ಹಿಡಿದರು. ತಿಂಗಳೊಪ್ಪತ್ತಿನಲ್ಲಿ ಗಾಡಿಯೊಂದು ಅವರ ಪಾತ್ರೆಪಗಡ ಹೇರಿಕೊಂಡು ಚಿಂತಾಮಣಿ ಕಡೆ ಹೋಯಿತು. ಹೊಸ ಮೇಷ್ಟ್ರು ಬಂದವರೇ ಚಂದ್ರಿಕೆಯನ್ನು ಸೌದೆಗೆ ಹಾಕಿಸಿದರು.

ಅರವತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ, ಚಿಂತಾಮಣಿಯಲ್ಲಿ ಅವರನ್ನು ಕಂಡೆ. ತಮ್ಮ ಭಾವಮೈದುನನ ಅಂಗಡಿಯ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಇಳಿದುಹೋಗಿದ್ದರು. ಮುಖ ಓರೆ ಮಾಡಿ ನನ್ನ ಕಡೆ ನೋಡಿ, ದನಿಯಿಂದಲೇ ಗುರುತು ಹಿಡಿದರು. ಕ್ಷೇಮಸಮಾಚಾರವೇನೂ ಕೇಳಲಿಲ್ಲ.

"ನನ್ನ ಕಣ್ಣು ತೆಗೆದಿದ್ದು ಏನಮ್ಮಾ?"

"ಬಿಸಿಲು ಸಾರ್."

"ಗ್ರಹಣ ಅಲ್ವಾ?"

"ಅಲ್ಲ ಸಾರ್."

"ನೀವಷ್ಟು ಜನ ತಿಳ್ಕೊಂಡಿದ್ರೆ ಸಾಕು ಬಿಡು" ಎಂದು ಬೊಗಸೆ ಕಡಲೆಕಾಯಿ ನನ್ನ ಸೆರಗಿಗೆ ಹಾಕಿದರು. ಮತ್ತೆ ಅವರನ್ನು ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ಎಷ್ಟೋ ತಡವಾಗಿ ಬಂತು...

ಈಚೆಗೆ ಸೂರ್ಯಗ್ರಹಣವಾದ ದಿನ ನಾನು ಊರಿನಲ್ಲೇ, ಆ ಗೆಳತಿಯ ಮನೆಯಲ್ಲಿದ್ದೆ. ಅಂದು ಗೋಡೆ ಹಾರಿ ಬಂದಿದ್ದವಳು. ಈಗ ಮರಿಮಕ್ಕಳನ್ನು ಕಂಡಿದ್ದಾಳೆ. ಅವರಲ್ಲೊಂದು ಪುಟ್ಟ ಹುಡುಗಿ ಹೊರಗೆ ಹೋಗಿ ನೋಡುತ್ತೇನೆಂದು ಬಾಗಿಲ ಬಳಿ ರಚ್ಚೆ ಹಿಡಿದಿತ್ತು. ಗೆಳತಿ ಅದನ್ನು ಮಡಿಲಿಗೆ ಎಳೆದುಕೊಂಡು, ನಿಜವಾದ ಪ್ರೀತಿಯಿಂದ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು:

"ಬೇಡ ಕಣಮ್ಮ. ನಮ್ಮ ಮೇಷ್ಟ್ರು ಒಬ್ರಿದ್ರು, ದೇವರಂಥೋರು. ಗ್ರಹಣ ನೋಡೇ ಕಣ್ಣು ಕಳ್ಕೊಂಡ್ರು. ಬೇಕಾದ್ರೆ ಈ ಅಜ್ಜೀನ ಕೇಳು."

ಮಗು ನನ್ನ ಕಡೆ ತಿರುಗಿತು. "ಗ್ರಹಣ ಅಲ್ಲ ಕಣಮ್ಮ, ಬಿಸಿಲು" ಎಂದೆ. ಅದು ನನ್ನನ್ನೂ ಅವಳನ್ನೂ ಒಮ್ಮೆ ನೋಡಿ, ಮೆಲ್ಲಗೆ ಹೋಗಿ ಬಾಗಿಲ ಚಿಲಕ ಹಾಕಿತು.